ಭಾವನ ರೈಲು ಪುರಾಣ

ನಮ್ಮ ಭಾವ ಹನ್ನೊಂದು ವರ್ಷ ಒಂದು ಸತ್ತ ರೈಲಿನ ಬೆನ್ನು ಬಿದ್ದಿದ್ದರು. ಅದು ಓಡುತ್ತಿದ್ದ ಕಾಲದಲ್ಲಿ ಅದನ್ನು ಹತ್ತಿದ್ದು ಎರಡೇ ಸಲ, ಅದರಲ್ಲೂ ಒಮ್ಮೆ ತಪ್ಪಿ ಹತ್ತಿದ್ದು.

ನಮ್ಮೂರಿನಿಂದ ಜಂಕ್ಷನ್ನಿಗೆ ಹೋಗುತ್ತಿದ್ದ ಮೂವತ್ತೊಂದು ಕಿಲೋಮೀಟರಿನ ಕವಲು ಮಾರ್ಗ ನಿಂತು ನಲವತ್ತು ವರ್ಷವಾಯಿತು. ಈಗ ಅದರ ಹಳಿಯ ತುಂಡೊಂದು ಶಾಲೆಯ ಗಂಟೆಯಾಗಿದೆ, ಪ್ಲಾಟ್‌ಫಾರ್ಮಿನ ಬೆಂಚು ಕಟಿಂಗ್ ಶಾಪಿನಲ್ಲಿದೆ, ಸ್ಟೇಷನ್ನು ಸಿಮೆಂಟಿನ ಗೋದಾಮು. ಭಾವ ಇದನ್ನೆಲ್ಲ ಟೇಪು ಹಿಡಿದು ಅಳೆದು ಬರೆದುಕೊಂಡರು. ಬೆಂಚಿನ ಉದ್ದ ನೋಡಲು, ಸರದಿ ಕಾಯುತ್ತ ಕೂತಿದ್ದ ಮೂವರನ್ನು ಎಬ್ಬಿಸಿ ನಿಲ್ಲಿಸಿದರು. ಮಾರ್ಗದ ಉದ್ದಕ್ಕೂ ನಡೆದರು. ಕಾಲಿಗೆ ಬೊಬ್ಬೆ ಬಂದದ್ದಕ್ಕೂ ಅವರು ಬರೆಯುತ್ತಿದ್ದ ರೈಲಿನ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು.

ಭಾವನ ಕಸುಬು ಅರ್ಜಿ ಬರೆಯುವುದು. ತಾಲ್ಲೂಕು ಕಚೇರಿಯ ಮೆಟ್ಟಿಲ ಪಕ್ಕ ಪುಟ್ಟ ಮೇಜು ಹಾಕಿಕೊಂಡು ಊರಿನವರ ಗೋಳನ್ನೆಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದುಕೊಟ್ಟವರು. ಬೆಳಿಗ್ಗೆ ಅಣ್ಣನಿಗೆ ಆಸ್ತಿ ಭಾಗವಾಗಲಿ ಎಂದು ಬರೆದುಕೊಟ್ಟು, ಮಧ್ಯಾಹ್ನ ತಮ್ಮನಿಗೆ ಆಗಕೂಡದೆಂದು ಬರೆದುಕೊಡುತ್ತಿದ್ದರು. ಎರಡರ ಕೊನೆಗೂ, ಸಹಿಯ ಜಾಗದ ಮೇಲೆ, ಬಳ್ಳಿಯ ಕುಡಿಯಂತೆ ಒಂದು ಸುರುಳಿ ಎಳೆಯುತ್ತಿದ್ದರು. ಅದು ಅವರ ಮುದ್ರೆ. “ಬರೆದದ್ದನ್ನ ತಲೇಲಿ ಇಟ್ಕೊಂಡ್ರೆ ಮುಂದಿನದು ಬರೆಯೋಕಾಗಲ್ಲಪ್ಪ. ಆಗಿಂದಾಗ್ಗೆ ಮರೆತುಬಿಡ್ಬೇಕು” ಎನ್ನುವುದು ಅವರ ವೃತ್ತಿಧರ್ಮ.

ರೈಲಿನ ಚರಿತ್ರೆಯನ್ನೂ ಅರ್ಜಿಯಂತೆಯೇ ಬರೆದರು. “ಮಾನ್ಯರೇ, ಸದರಿ ಹಳಿಯು” ಎಂದೇ ಮೊದಲ ವಾಕ್ಯದ ಶುರು. ಬೋಲ್ಟುಗಳಿಗೇ ಹದಿನಾಲ್ಕು ಪುಟ. ಮದುವೆ ಕಾರ್ಡು ಅಚ್ಚು ಹಾಕುವ ನನ್ನ ಸಣ್ಣ ಪ್ರೆಸ್ಸಿನಲ್ಲಿ ಅದು ಅಚ್ಚಾಗಬೇಕಿತ್ತು. ನಾನು ದಿನವೂ ಕೂತು ‘ಸದರಿ’ಗಳನ್ನು ಹೇನು ಹೆಕ್ಕಿದಂತೆ ಹೆಕ್ಕುತ್ತಿದ್ದೆ.

ಇಷ್ಟೆಲ್ಲ ಸಹಿಸಿಕೊಂಡದ್ದು ಅಕ್ಕನಿಗಾಗಿ. ಆ ಸ್ಟೇಷನ್ನಿನ ಕೊನೆಯ ಮಾಸ್ತರರು ನಮ್ಮಪ್ಪ. ದೊಡ್ಡ ಸ್ಟೇಷನ್ನಿಗೆ ವರ್ಗ ಬೇಕೆಂದು, ಗಾಡಿಗೆ ಜನವೇ ಇಲ್ಲವೆಂದು ಮೇಲಿನವರಿಗೆ ಬರೆದು ರೈಲು ನಿಲ್ಲಿಸಿದ್ದು ಅವರೇ ಎಂದು ಊರು ನಂಬಿತ್ತು. ‘ಬೀಗದ ಮಾಸ್ತರು’ ಎಂದು ಹೆಸರಿಟ್ಟಿತ್ತು. ಪಾಪ, ಅಪ್ಪ ನಿವೃತ್ತರಾಗುವವರೆಗೂ ಜಂಕ್ಷನ್ನಿನ ಕೆಲಸಕ್ಕೆ ಬಸ್ಸಿನಲ್ಲಿ ನೇತಾಡಿಕೊಂಡು ಹೋದರು. ದಿನಸಿಗೆ ಹೋದರೆ ಯಾರಾದರೊಬ್ಬರು “ಅಂಗಡಿ ಮುಚ್ಚಿಸೋಕೆ ಬಂದ್ರಾ ಮಾಸ್ತರೇ?” ಎನ್ನುವರು. ಅಪ್ಪ ತುಟಿ ಬಿಚ್ಚದೆ ಸಾಮಾನು ತರುತ್ತಿದ್ದರು, ತುಟಿ ಬಿಚ್ಚದೆಯೇ ಸತ್ತರು. ಊರಿನ ಮೇಲೆ ನನಗೆ ಆ ಸಿಟ್ಟು ಇನ್ನೂ ಇದೆ. ಅಕ್ಕ ಗಂಡನಿಗೆ ಒಂದೇ ಮಾತು ಹೇಳಿದ್ದಳು: “ನೀವು ಬೋಲ್ಟ್ ಎಷ್ಟಾದ್ರೂ ಎಣಿಸ್ಕೊಳ್ಳಿ. ರೈಲು ನಿಲ್ಲಿಸಿದ್ದು ಯಾರು ಅಂತ ಪುಸ್ತಕದಲ್ಲಿ ಇರ್ಬೇಕು. ಇಲ್ದಿದ್ರೆ ಅದನ್ನ ಮನೆಗೆ ತರ್ಬೇಡಿ.”

ಭಾವ ರೈಲ್ವೆ ಕಚೇರಿಗೆ ಹದಿನೇಳು ಅರ್ಜಿ ಹಾಕಿದ ಮೇಲೆ, ಒಂದು ಮಧ್ಯಾಹ್ನ ಹಳೆಯ ಕಡತದ ನಕಲು ಅಂಚೆಯಲ್ಲಿ ಬಂತು. ಊಟದ ಡಬ್ಬಿ ತಂದಿದ್ದ ಅಕ್ಕನೂ ಪ್ರೆಸ್ಸಿನಲ್ಲೇ ಇದ್ದಳು. ಭಾವ ಎದೆಯುಬ್ಬಿಸಿ ಲಕೋಟೆ ಬಿಚ್ಚಿದರು. ಒಳಗೆ ಊರಿನವರದೇ ಒಂದು ಅರ್ಜಿ. ರೈಲ್ವೆ ಗೇಟಿನಿಂದ ಪೇಟೆ ಬೀದಿ ದಿನಕ್ಕೆ ನಾಲ್ಕು ಸಲ ಕಟ್ಟಿಹೋಗುತ್ತದೆ, ಹೊಗೆಯಿಂದ ಒಣಹಾಕಿದ ಬಟ್ಟೆ ಹಾಳು, ಕೂಗಿಗೆ ಮಕ್ಕಳು ಬೆಚ್ಚಿ ಏಳುತ್ತವೆ, ಬಸ್ಸುಗಳೇ ಸಾಕು, ಮಾರ್ಗ ಮುಚ್ಚಿಸಬೇಕು. ಕೆಳಗೆ ನೂರ ನಲವತ್ತಮೂರು ಸಹಿ, ಮೊದಲನೆಯದು ಬಸ್ ಮಾಲೀಕನದು. ಅಂಚಿನಲ್ಲಿ ಅಪ್ಪನ ಕೋಳಿಕಾಲಿನಂಥ ಅಕ್ಷರ: “ಇದು ಸುಳ್ಳು. ದಿನಕ್ಕೆ ಇನ್ನೂರು ಜನ ಹತ್ತುತ್ತಾರೆ. ಮುಚ್ಚಬಾರದು.”

“ಸಿಕ್ತು!” ಎಂದು ನಾನು ಕುಣಿದೆ. ಭಾವ ಕುಣಿಯಲಿಲ್ಲ. ಸಹಿಗಳ ಮೇಲೆ, ಬಳ್ಳಿಯ ಕುಡಿಯಂಥ ಸುರುಳಿ ಇತ್ತು.

ಅಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದೇ ಕಾಗದ. ಅಭಿಪ್ರಾಯ ಬರೀರಿ ಅಂತ ಮೇಲಿಂದ ಬಂದಿತ್ತು, ಅಪ್ಪ ಮನೆಗೆ ತಂದಿದ್ರು. ‘ಎಂಥ ಅಕ್ಷರ ನೋಡೇ, ಇಷ್ಟು ನೆಟ್ಟಗೆ ಬರೆಯೋ ಹುಡುಗ ಹೆಂಡ್ತೀನೂ ನೆಟ್ಟಗೆ ನೋಡ್ಕೋತಾನೆ’ ಅಂದ್ರು. ಮುಂದಿನ ತಿಂಗಳೇ ಸಂಬಂಧ ಕೇಳೋಕೆ ಇವರನ್ನ ಹುಡುಕ್ಕೊಂಡು ಹೋದ್ರು. ಏನು ಬರೆದಿದೆ ಅಂತ ನಾನು ಓದ್ಲೇ ಇಲ್ಲ.”

ಊರೆಲ್ಲ ಆಡಿಕೊಂಡರೂ ಅಪ್ಪ ಯಾಕೆ ತುಟಿ ಬಿಚ್ಚಲಿಲ್ಲವೆಂದು ಆಗ ತಿಳಿಯಿತು. ಅರ್ಜಿಯ ಮಾತೆತ್ತಿದರೆ ಬರೆದವರು ಯಾರೆಂಬುದೂ ಹೊರಬರುತ್ತಿತ್ತು, ಅಳಿಯನ ಮುಖಕ್ಕೆ ಮಸಿ ಬಳಿದಂತಾಗುತ್ತಿತ್ತು.

ಭಾವ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. “ಪುಟ ಜಾಸ್ತಿ ಆಯ್ತು ಅನ್ಸುತ್ತೆ. ಇದೊಂದನ್ನ ಬಿಟ್ರೆ...”

“ಬೋಲ್ಟಿಗೆ ಹದಿನಾಲ್ಕು ಪುಟ ಕೊಟ್ಟವ್ರು ನೀವು” ಎಂದಳು ಅಕ್ಕ. ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೊರಟುಹೋದಳು.

ಭಾವ ಸಂಜೆಯವರೆಗೂ ಆ ಡಬ್ಬಿ ಮುಟ್ಟಲಿಲ್ಲ. ಆಮೇಲೆ ಒಂದು ಹಾಳೆ ಕೇಳಿ ಎರಡು ಸಾಲು ಬರೆದುಕೊಟ್ಟರು: “ಈ ಅರ್ಜಿ ಬರೆದವನು ನಾನು. ಮುಚ್ಚಬೇಡಿ ಎಂದವರು ನನ್ನ ಮಾವ.” ಅದರಲ್ಲಿ ಒಂದೂ ‘ಸದರಿ’ ಇರಲಿಲ್ಲ, ಸುರುಳಿಯೂ ಇರಲಿಲ್ಲ. ಅದನ್ನೂ ಅರ್ಜಿಯ ಪಡಿಯಚ್ಚನ್ನೂ ಪುಸ್ತಕದ ಮೊದಲಲ್ಲೇ ಹಾಕಿದೆ.

ಬಿಡುಗಡೆಯ ದಿನ, ಸಹಿ ಹಾಕಿದವರಲ್ಲಿ ಬದುಕಿದ್ದವರೂ ಎಲ್ಲರ ಮಕ್ಕಳೂ ಶಾಲೆಯ ಹಾಲಿನಲ್ಲಿ ತುಂಬಿದ್ದರು. ಪುಟ ತೆರೆದು ಸಹಿ ಹುಡುಕಿದರು. ಸಿಕ್ಕವರು ಕೆಮ್ಮಿದರು. ಕೊನೆಗೆ ಬಸ್ ಮಾಲೀಕನ ಮಗ ಎದ್ದು, “ಏನೇ ಹೇಳಿ, ಅಕ್ಷರ ಮಾತ್ರ ಎಷ್ಟು ಚೆನ್ನಾಗಿದೆ ನೋಡಿ!” ಎಂದ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಹೌದು ಹೌದು, ಎಂಥ ಅಕ್ಷರ ಎಂದು ತಲೆದೂಗಿದರು. ಜೀವಮಾನವಿಡೀ ಈ ಹೊಗಳಿಕೆಗೆ ಉಬ್ಬಿದ್ದ ಭಾವ ಬಲಗೈಯನ್ನು ಜೇಬಿನೊಳಗೆ ತೂರಿಸಿಕೊಂಡರು.

ಅಕ್ಕ ಎದ್ದು ಹೋಗಿ, ಬಸ್ ಮಾಲೀಕನ ಮಗನ ಕೈಯಲ್ಲಿದ್ದ ಪುಟದ ಅಂಚಿನ ಮೇಲೆ ಬೆರಳಿಟ್ಟಳು. “ಇದು ನಮ್ಮಪ್ಪನ ಅಕ್ಷರ. ಅಷ್ಟು ಚೆನ್ನಾಗಿಲ್ಲ. ಗಟ್ಟಿಯಾಗಿ ಓದಿ.”