ಇಲಿಯಕ್ಕನ ಚಪ್ಪಲಿ ಸದ್ದು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಉದ್ದನೆಯ ಹಜಾರದಲ್ಲಿ ರಬ್ಬರ್ ಚಪ್ಪಲಿ ಚಟಪಟ ಬಡಿಯುತ್ತದೆ. ಬಾಗಿಲು ಇನ್ನೂ ತೆರೆದಿಲ್ಲ. ಒಳಗಿನ ನೂರಾನಲವತ್ತು ಇಲಿಗಳು ಆಗಲೇ ಪಂಜರದ ಸರಳು ಹಿಡಿದು ಎದ್ದು ನಿಂತಿವೆ.

"ಬಂದೆ ಬಂದೆ, ಮೂರು ದಿನ ಉಪವಾಸ ಇದ್ದೋರ ಹಾಗೆ ಆಡ್ಬೇಡ್ರೋ!" ಎನ್ನುತ್ತಾ ಇಲಿಯಕ್ಕ ಕಾಳಿನ ಡಬ್ಬ ಹಿಡಿದು ಒಳಬರುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಹದಿನಾರು ವರ್ಷದಿಂದ ಪಂಜರ ತೊಳೆದು, ಮರದ ಹೊಟ್ಟು ಹರವಿ, ನೀರು ತುಂಬಿಸುವ ಕೆಲಸ. ಸೊಂಟ ಕೈಕೊಟ್ಟಿದೆ. ಬೆರಳುಗಳಲ್ಲಿ ಹನ್ನೊಂದು ಕಡೆ ಕಚ್ಚಿದ ಗುರುತು. "ಹತ್ತು ಇಲಿಗಳದ್ದು. ಒಂದು ಮೊಮ್ಮಗಳದ್ದು," ಎನ್ನುತ್ತಾರೆ.

ಇಲ್ಲಿನ ವಿಜ್ಞಾನಿ ಮೇಡಂ ಹುಡುಕುತ್ತಿದ್ದುದು ಮಿದುಳಿನ ಎರಡು ರಾಸಾಯನಿಕಗಳ ನಂಟನ್ನು. ಸೆರೊಟೋನಿನ್ ಹೆಚ್ಚಾದರೆ ಡೋಪಮೈನ್ ಸ್ರವಿಸುವುದು ಕಡಿಮೆಯಾಗುತ್ತದೆಯೇ? ಇಲಿಯ ತಲೆಯೊಳಗೆ ಕೂದಲೆಳೆಯಂಥ ನಳಿಗೆ ಇಟ್ಟು ಅಳೆಯುತ್ತಿದ್ದರು. ಬೆಳಿಗ್ಗೆ ಆರಕ್ಕೆ ಪಂಪು ತಾನಾಗಿ ಸೆರೊಟೋನಿನ್ ಹೆಚ್ಚಿಸುವ ಔಷಧ ಬಿಡುತ್ತಿತ್ತು. ಇಳಿಯಬೇಕಿದ್ದ ಡೋಪಮೈನ್ ದಿನವೂ ಏರಿ ಕೂರುತ್ತಿತ್ತು. ಯಂತ್ರ ಬದಲಾಯಿತು, ಔಷಧ ಬದಲಾಯಿತು. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಒಂದು ದಿನ ಕಂಪ್ಯೂಟರ್ ಮುಂದೆ ಕಣ್ಣೊರೆಸುತ್ತಾ ಕೂತಿದ್ದ ಮೇಡಂ ಹಿಂದೆ, ನೆಲ ಒರೆಸುತ್ತಿದ್ದ ಇಲಿಯಕ್ಕ ಇಣುಕಿದರು.

"ಈ ಗೆರೆ ಎಷ್ಟು ಹೊತ್ತಿಗೆ ಏರಿರೋದು ಮೇಡಂ?"

"ಆರಕ್ಕೆ. ದಿನಾ ಆರಕ್ಕೇ."

"ಅಯ್ಯೋ, ಅದು ನಿಮ್ಮ ಔಷಧ ಅಲ್ಲ ಕಣಮ್ಮ, ನನ್ನ ಚಪ್ಪಲಿ!"

ಮೇಡಂ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಚಪ್ಪಲಿ ಸದ್ದಾದರೆ ಕಾಳು ಬಂತು ಎಂದು ಇಲಿಗಳಿಗೆ ಗೊತ್ತು. ಏನೋ ಸಿಗುತ್ತದೆಂಬ ಆಸೆ ಹುಟ್ಟಿದರೆ ಏರುವ ಡೋಪಮೈನ್ ಅಷ್ಟಕ್ಕೇ ಚಿಮ್ಮುತ್ತಿತ್ತು. ಒಂದು ವಾರ ಇಲಿಯಕ್ಕ ಹತ್ತು ಗಂಟೆಗೆ, ಬರಿಗಾಲಲ್ಲಿ, ಕಳ್ಳಿಯ ಹಾಗೆ ಬಂದರು. ಆರು ಗಂಟೆಯ ಗೆರೆ ತೆಪ್ಪಗೆ ಕೆಳಗಿಳಿಯಿತು. ಇನ್ನೊಂದು ವಾರ ಮೇಡಂ ಔಷಧ ನಿಲ್ಲಿಸಿದರು, ಇಲಿಯಕ್ಕ ಚಪ್ಪಲಿ ಮೆಟ್ಟಿ ಬರೀ ಹಜಾರದಲ್ಲಿ ನಡೆದರು. ಗೆರೆ ನೆಗೆಯಿತು! ಮೇಡಂ ಇಲಿಯಕ್ಕನನ್ನು ತಬ್ಬಿಕೊಂಡು, ನೆಲ ಒರೆಸುವ ಬಟ್ಟೆಸಮೇತ ಒಂದು ಸುತ್ತು ತಿರುಗಿಸಿದರಂತೆ.

ಈಗ ಔಷಧದ ಹೊತ್ತು ಮಧ್ಯಾಹ್ನಕ್ಕೆ ಹೋಗಿದೆ. ಮೇಡಂ ಪ್ರಕಟಿಸಿದ ಪ್ರಬಂಧದಲ್ಲಿ ಇಲಿಯಕ್ಕನಿಗೂ ಕೃತಜ್ಞತೆ ಇದೆ. ಅದರಿಂದ ಅವರೇನೂ ಬೀಗಿಲ್ಲ.

"ನಾನು ಬರ್ತೀನಿ ಅಂದ್ರೆ ಒಳಗೊಳಗೇ ಏನೋ ಉಕ್ಕುತ್ತಲ್ಲ, ಅಷ್ಟು ಸಾಕು," ಎನ್ನುತ್ತಾ ಖಾಲಿ ಡಬ್ಬ ಮುಚ್ಚುತ್ತಾರೆ. ಮತ್ತೆ ದನಿ ತಗ್ಗಿಸಿ, "ಒಂದೇ ಒಂದು ಆಸೆ. ಆ ನಳಿಗೇನ ನಮ್ಮ ಯಜಮಾನರ ತಲೆಗೂ ಒಂದ್ಸಲ ಹಾಕಿ ನೋಡ್ಬೇಕು."