ಹದಿನಾರು ಡಿಗ್ರಿಯ ಮರ್ಯಾದೆ

ಕಾಕ್ ಲೈಲಿ, ಅಂದರೆ ಲೈಲಿ ಅಕ್ಕ, ಪೆನಾಂಗಿನ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತೊಂದು ವರ್ಷದಿಂದ ಟೆಕ್ನಿಷಿಯನ್ ಆಗಿದ್ದಳು. ಆದರೂ ವರ್ಷವರ್ಷದ ಗುತ್ತಿಗೆ. ಆ ಸಲ ಅದು ಮುಂದುವರಿಯುವುದು ಒಂದೇ ಒಂದು ಬೋರ್ಡಿನ ಮೇಲೆ ನಿಂತಿತ್ತು.

ಆ ಬೋರ್ಡಿನಲ್ಲಿ ಅರವತ್ತನಾಲ್ಕು ಪುಟ್ಟ ಸರ್ಕ್ಯೂಟುಗಳು, ಒಂದೊಂದಕ್ಕೂ ಒಂದು ದೀಪ. ಪ್ರತಿಯೊಂದೂ ತನ್ನದೇ ಲಯದಲ್ಲಿ ತೂಗುತ್ತ ಉಳಿದವನ್ನೂ ಎಳೆಯುತ್ತದೆ. ಅರ್ಧ ಅಳಿಸಿದ ಅಂಕಿ ತೋರಿಸಿದರೆ ಸಾಕು, ತಮ್ಮತಮ್ಮಲ್ಲೇ ಎಳೆದಾಡಿ, ಕಣ್ಣು ಮಿಟುಕಿಸುವುದರೊಳಗೆ ಹೊಂದಿಕೊಂಡು ಪೂರ್ತಿ ಅಂಕಿಯನ್ನು ಬೆಳಗುತ್ತವೆ. ಮಿದುಳು ಗುರುತು ಹಿಡಿಯುವುದೂ ಹೆಚ್ಚುಕಮ್ಮಿ ಹೀಗೇ ಎಂದು ನಮ್ಮ ಮುಖ್ಯಸ್ಥರಾದ ಡಾಕ್ಟರ್ ಯೋ ಹೇಳುತ್ತಾರೆ. ಹೇಳುವುದು ಅವರ ಕೆಲಸ. ಅರವತ್ತನಾಲ್ಕು ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಿ ಲಯ ಹೊಂದಿಸುವುದು ಕಾಕ್ ಲೈಲಿಯ ಕೆಲಸ. ಸೆಕೆ ಬದಲಾದರೆ ಲಯವೂ ಕೆಡುತ್ತದೆಂದು ಮೂರು ವಾರ ಎಸಿ ಆರಿಸಿ, ಬೆವರಲ್ಲಿ ತೊಯ್ದು ಕೂತಳು.

"ಸಾಕಾಗೋಯ್ತು ವೇಣಿ. ನಾನು ತಿರುಪು ತಿರುಗಿಸ್ತಿದೀನೋ, ಅದೇ ನನ್ನ ತಿರುಗಿಸ್ತಿದೆಯೋ!" ಎಂದಳು ನನಗೆ. "ಎಸಿ ಮಾತ್ರ ಮುಟ್ಬೇಡ ಕಣೇ."

ನಾನು ಆಫೀಸಿನ ಗುಮಾಸ್ತೆ. ದೊಡ್ಡವರು ಬಂದರೆ ಕೋಣೆಯನ್ನು ಹದಿನಾರು ಡಿಗ್ರಿಗೆ ಇಳಿಸುವುದೇ ನಮ್ಮಲ್ಲಿ ಮರ್ಯಾದೆ. ಹಣ ಮಂಜೂರು ಮಾಡುವ, ಡಾಟುಕ್ ಬಿರುದಿನ ಸಾಹೇಬರು ಬರುವ ಬೆಳಿಗ್ಗೆ ಕೈ ತಾನಾಗಿ ರಿಮೋಟಿಗೆ ಹೋಯಿತು. ಅವಳ ಮಾತು ನೆನಪಾಗಲೇ ಇಲ್ಲ, ನನ್ನ ಬುದ್ಧಿಗಿಷ್ಟು!

ಡಾಕ್ಟರ್ ಯೋ ಮುರುಕು ಐದನ್ನು ತೋರಿಸಿದರು. ದೀಪಗಳು ಅಡ್ಡಾದಿಡ್ಡಿ ಮಿನುಗಿದವು. ಕಾಕ್ ಲೈಲಿ ಬೋರ್ಡು ಮುಟ್ಟಿ ನೋಡಿದಳು.

"ಡಾಟುಕ್, ಎಸಿ ಆರಿಸ್ತೀನಿ. ಇಪ್ಪತ್ತು ನಿಮಿಷ ಕೂತ್ಕೊಳ್ಳಿ, ಇದು ಬೆಚ್ಚಗಾಗ್ಲಿ."

"ಕಾಕ್, ದೊಡ್ಡೋರನ್ನ ಬೆವರಿಸೋದಾ?" ಡಾಕ್ಟರ್ ಯೋ ಅವರ ಮುಖ ಹುಳ್ಳಗಾಯಿತು.

ಡಾಟುಕ್ ನಕ್ಕು ಕೂತರು. ಹತ್ತು ನಿಮಿಷಕ್ಕೆ ಕೋಟು ಬಿಚ್ಚಿದರು, ಹದಿನೈದಕ್ಕೆ ಗಡಿಯಾರ ನೋಡಿಕೊಂಡು, "ಇನ್ನೊಂದ್ಸಲ ನೋಡೋಣ ಬಿಡಿ" ಎಂದು ಎದ್ದರು. ಎಲ್ಲರೂ ಅವರ ಹಿಂದೆಯೇ ಊಟಕ್ಕೆ ಹೋದರು.

ನಾವಿಬ್ಬರೇ ಉಳಿದೆವು. ಇನ್ನೂ ಸ್ವಲ್ಪ ಹೊತ್ತು ಕಾದು ಕಾಕ್ ಲೈಲಿ ಅದೇ ಮುರುಕು ಅಂಕಿಯನ್ನು ತೋರಿಸಿದಳು. ದೀಪಗಳು ಒಮ್ಮೆ ತಡವರಿಸಿ ನಿಂತವು. ಐದು, ಅಚ್ಚುಕಟ್ಟಾದ ಐದು.

ನನಗೆ ತಡೆಯಲಾಗಲಿಲ್ಲ. "ಕಾಕ್, ಎಸಿ ಹಾಕಿದ್ದು ನಾನೇ."

"ಗೊತ್ತು. ರಿಮೋಟು ನಿನ್ನ ಹತ್ರಾನೇ ಅಲ್ವಾ ಇರೋದು." ಅವಳಿಗೆ ಬಯ್ಯುವಷ್ಟು ತ್ರಾಣವೂ ಇರಲಿಲ್ಲ. "ಸರಿಯಾಗೇ ಬಂತಲ್ಲ, ನೀನೂ ನೋಡಿದ್ಯಲ್ಲ. ಯಾರಾದ್ರೂ ಕೇಳಿದ್ರೆ ಅಷ್ಟು ಹೇಳು."

ಗುತ್ತಿಗೆ ಮುಂದುವರಿಯದೆ ಅವಳು ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಯಿತು. ಇದುವರೆಗೆ ಯಾರೂ ಕೇಳಿಲ್ಲ.