ಅಕ್ಕನ ಬಲಗಾಲು

ಸ್ನೇಹಿತರೇ, ಅಕ್ಕನ ಹಳೇ ಕಾರಿನ ಕಾಯಿಲೆ ಏನೆಂದು ಇವತ್ತು ಗೊತ್ತಾಯಿತು. ಅಕ್ಕ ತೀರಿಕೊಂಡು ಕಾರು ನನ್ನ ಕೈಗೆ ಬಂದಾಗಿನಿಂದ ಅದು ಸಿಗ್ನಲ್‌ಗಳಲ್ಲಿ ಆಗಾಗ ಆಫ್ ಆಗುತ್ತಿತ್ತು. ಗ್ಯಾರೇಜಿಗೆ ಹೋದರೆ ಮಾತ್ರ ಸಾಧುವಾಗಿಬಿಡುತ್ತಿತ್ತು. ಇವತ್ತು ಕೆಸರೆಯ ಮೆಕ್ಯಾನಿಕ್ ಪಕ್ಕದಲ್ಲೇ ಕೂತು ನನ್ನ ಕೈಲಿ ಊರೆಲ್ಲ ಓಡಿಸಿದರು. ಅಗ್ರಹಾರದ ಹತ್ತಿರ ಅದು ಅವರೆದುರೇ ನಿಂತಿತು.

"ನಿಮ್ಮಕ್ಕ ಸಿಗ್ನಲ್ಲಲ್ಲೂ ಆಕ್ಸಿಲರೇಟರ್ ಒತ್ಕೊಂಡೇ ಇರ್ತಿದ್ರಾ?" ಎಂದು ಕೇಳಿದರು.

"ಹೂಂ. ಯಾಕೆ ಗುರುಗುಟ್ಟಿಸ್ತೀಯ, ರೇಸಿಗೆ ಹೋಗ್ಬೇಕಾ ಅಂತ ದಿನಾ ಬೈತಿದ್ದೆ."

"ಬಿಸಿಯಾದ್ಮೇಲೆ ಆಫ್ ಆಗೋದು ಇದಕ್ಕೆ ಮೊದ್ಲಿಂದ್ಲೂ ಐತೆ ಕಣಮ್ಮ. ಅವ್ರು ಕಾಲಲ್ಲೇ ಸಂಭಾಳಿಸ್ಕೊಂಡ್ ಬಂದವ್ರೆ. ಗಾಡಿ ಬುಟ್ಟೋಗಿ, ನಾಳೆ ಸರಿ ಮಾಡ್ಕೊಡ್ತೀನಿ."

ಹನ್ನೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೈದವಳಿಗೆ ಅಕ್ಕ ಒಂದು ದಿನವೂ ಕಾರಣ ಹೇಳಲಿಲ್ಲ. ಬಿಟ್ಟು ಬರಲು ಮನಸ್ಸಾಗಲಿಲ್ಲ. "ಇನ್ನೊಂದ್ ವಾರ ಹೀಗೇ ಇರ್ಲಿ ಬಿಡಿ" ಎಂದೆ.

ಬರುವಾಗ ಸರಸ್ವತಿಪುರಂ ಸಿಗ್ನಲ್‌ನಲ್ಲಿ ಅಕ್ಕನ ಹಾಗೇ ಗುರುಗುಟ್ಟಿಸುತ್ತ ನಿಂತೆ. ಇಂಜಿನ್ ಆಫ್ ಆಗಲಿಲ್ಲ. ಪಕ್ಕದ ಆಟೋದವರು ಬಗ್ಗಿ ನೋಡಿ, "ಏನ್ ಮೇಡಂ, ರೇಸಿಗೆ ಹೋಗ್ಬೇಕಾ?" ಎಂದರು.

ಕಾರಣ ಹೇಳುವಷ್ಟರಲ್ಲಿ ಹಸಿರು ದೀಪ ಬಂತು. ಅಕ್ಕನಿಗೂ ಹೀಗೇ ಆಗಿರಬೇಕು.